ಫೋಟೊದ ಅಂಚು ಎಲ್ಲಿದೆ ಅಂತ ಗೊತ್ತಾಗಬಾರದು

ಮನೆಯ ಹಳೆಯ ಫೋಟೊ ಒಂದನ್ನು ಹಲಗೆ ಮೇಲೆ ಅಂಟಿಸಿ, ಸುತ್ತ ನಾಲ್ಕು ಬಣ್ಣ ಬಳಿದು, ಮಿಕ್ಸೆಡ್ ಮೀಡಿಯಾ ಅಂತ ಹೆಸರಿಡುವುದು ಸುಲಭ. ಅಂಥ ಕೆಲಸ ನೋಡಿದಾಗ ನನ್ನ ಕಣ್ಣು ಹೋಗುವುದು ಒಂದೇ ಕಡೆ. ಫೋಟೊ ಮುಗಿದು ಬಣ್ಣ ಶುರುವಾಗುವ ಗೆರೆಯ ಕಡೆ. ಆ ಗೆರೆ ಎದ್ದು ಕಂಡರೆ ಮುಗಿಯಿತು, ಫೋಟೊ ಮತ್ತು ಚಿತ್ರ ಒಂದೇ ಮನೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಬೇರೆ ಬೇರೆಯೇ ಉಳಿಯುತ್ತವೆ. ನಾನು ಕೊಪ್ಪಳದಲ್ಲಿ ಈ ಕೆಲಸ ಮಾಡುತ್ತೇನೆ. ನನ್ನ ಅರ್ಧ ಸಮಯ ಹೋಗುವುದೇ ಆ ಗೆರೆ ಅಳಿಸಲಿಕ್ಕೆ.

ಮೊದಲು ಫೋಟೊ ವಿಷಯ. ಮೂಲ ಪ್ರತಿಯನ್ನು ನಾನು ಕತ್ತರಿಸುವುದಿಲ್ಲ. ಅದು ಮನೆಯವರೆಲ್ಲರ ಆಸ್ತಿ, ಇನ್ನೊಂದು ಸಿಗುವುದಿಲ್ಲ. ಅಲ್ಲದೆ ಹೊಳಪಿನ ಬಣ್ಣದ ಫೋಟೊಗಳ ಮೇಲೆ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ. ಅಂಟೂ ಸರಿಯಾಗಿ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಹಾಗಾಗಿ ಸ್ಕ್ಯಾನ್ ಮಾಡಿಸಿ, ಸಾದಾ ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆಸುತ್ತೇನೆ. ಇಂಕ್‌ಜೆಟ್ ಬೇಡ. ಅದರ ಶಾಯಿ ಒದ್ದೆ ಅಂಟು ತಾಗಿದ ಕೂಡಲೇ ಹರಡುತ್ತದೆ. ಯಾವ ಪ್ರಿಂಟ್ ಅಂತ ಅನುಮಾನ ಬಂದರೆ ಮೂಲೆಗೆ ಒದ್ದೆ ಬೆರಳು ತಿಕ್ಕಿ ನೋಡಿ, ಗೊತ್ತಾಗುತ್ತದೆ. ಕಪ್ಪು ಬಿಳುಪಿನ ಲೇಸರ್ ಪ್ರಿಂಟ್ ಇನ್ನೂ ಒಳ್ಳೆಯದು. ಅದರ ಕಪ್ಪು ಎಂದರೆ ಇಂಗಾಲ, ಬಿಸಿಲಿಗೆ ಸುಲಭವಾಗಿ ಮಾಸುವುದಿಲ್ಲ. ಬಣ್ಣ ಬೇಕಿದ್ದರೆ ನಾವೇ ಹಚ್ಚಬಹುದು, ಅಲ್ವಾ? ಹಿಂದೆ ಸ್ಟುಡಿಯೋದವರು ಮಾಡುತ್ತಿದ್ದದ್ದೂ ಅದನ್ನೇ. ಕಪ್ಪು ಬಿಳುಪು ಫೋಟೊದ ಸೀರೆಗೆ ಕೆಂಪು, ಕೆನ್ನೆಗೆ ಗುಲಾಬಿ ಹಚ್ಚಿ ಕೊಡುತ್ತಿದ್ದರು.

ಇನ್ನು ಯಾವ ಭಾಗ ಬಳಸಬೇಕು ಅನ್ನುವುದು. ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ: ಮುಖ ಬೇಡ. ಚಿತ್ರದಲ್ಲಿ ಫೋಟೊದ ಮುಖ ಒಂದು ಬಂತೆಂದರೆ ನೋಡುವವರ ಕಣ್ಣು ಅಲ್ಲೇ ಕೂತುಬಿಡುತ್ತದೆ. ಉಳಿದ ಜಾಗದಲ್ಲಿ ನೀವು ಏನೇ ಮಾಡಿದ್ದರೂ ದಂಡ. ನಮ್ಮ ಮನೆಯಲ್ಲಿ ಒಂದು ಫೋಟೊ ಇದೆ. ಮುನಿರಾಬಾದಿನಲ್ಲಿ ತುಂಗಭದ್ರಾ ಡ್ಯಾಮ್ ಹಿಂದೆ ಕಾಣುವಂತೆ ಅಜ್ಜ, ಅಮ್ಮ (ಅಂದರೆ ನಮ್ಮ ಅವ್ವನ ತಾಯಿ), ಮಕ್ಕಳು ಸಾಲಾಗಿ ನಿಂತಿದ್ದಾರೆ. ಡ್ಯಾಮ್ 1953ರಲ್ಲಿ ಮುಗಿದದ್ದು. ಆಮೇಲೆ ಈ ಭಾಗದ ಎಷ್ಟೋ ಮನೆಗಳ ಆಲ್ಬಮ್‌ಗಳಲ್ಲಿ ಇಂಥದ್ದೊಂದು ಫೋಟೊ ಸೇರಿಕೊಂಡಿದೆ. ನಾನು ಅದರಲ್ಲಿ ತೆಗೆದುಕೊಂಡದ್ದು ಅಮ್ಮನ ಸೀರೆಯ ಅಂಚು, ಸೆರಗು ಹಿಡಿದ ಕೈ, ಹಿಂದಿನ ಕಲ್ಲುಗೋಡೆಯ ಒಂದು ತುಂಡು. ಅಷ್ಟೇ. ಅವ್ವ ನೋಡಿ ಕೇಳಿದಳು: "ನಮ್ಮವ್ವನ ಮಾರಿ ಎಲ್ಲಿ ಹೋತೋ? ತಲಿ ಇಲ್ಲದ ಮನಷಾರ್ನ ಯಾರ್ ನೋಡ್ತಾರ?" ಅವಳ ಪ್ರಶ್ನೆ ಇವತ್ತಿಗೂ ಹಾಗೇ ಇದೆ. ನಾನೂ ಬದಲಾಗಿಲ್ಲ.

ಹಳೆಯ ಫೋಟೊಗಳಲ್ಲಿ ಹಿಂದೆ ಕಾಣುವ ಸ್ಟುಡಿಯೋ ಪರದೆಗಳೂ ನನಗೆ ಬಹಳ ಇಷ್ಟ. ಮೆಟ್ಟಿಲು, ಕಂಬ, ತೋಟ, ಸರೋವರ, ಎಲ್ಲ ಪೇಂಟರ್ ಬರೆದದ್ದು. ಅವು ಅರ್ಧ ಚಿತ್ರ ಆಗಲೇ ಆಗಿರುತ್ತವೆ. ಅದರ ಮೇಲೆ ಕುಂಚ ಓಡಿಸಿದರೆ ಸಲೀಸಾಗಿ ಬೆರೆಯುತ್ತದೆ.

ಈಗ ಅಂಚು. ಕತ್ತರಿಯಿಂದ ಕತ್ತರಿಸಿದ ಕಾಗದಕ್ಕೆ ನೇರವಾದ, ದಪ್ಪ ಅಂಚಿರುತ್ತದೆ. ಎಷ್ಟು ಬಣ್ಣ ಹಚ್ಚಿದರೂ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಅದಕ್ಕೇ ಕೈಯಿಂದ ಹರಿಯಬೇಕು. ಪ್ರಿಂಟ್ ಮುಖ ಮೇಲಿರಲಿ. ಒದ್ದೆ ಕುಂಚದಿಂದ ಗೆರೆ ಎಳೆದು, ಬೇಡದ ಭಾಗವನ್ನು ನಿಮ್ಮ ಕಡೆ ಮೇಲಕ್ಕೆ ಎಳೆದು ನಿಧಾನ ಹರಿಯಿರಿ. ಉಳಿದ ತುಂಡಿನ ಸುತ್ತ ಬಿಳಿ ನಾರಿನ ತೆಳು ಪಟ್ಟಿ ಉಳಿಯುತ್ತದೆ. ಆ ಪಟ್ಟಿಯ ಮೇಲೆ ಶಾಯಿ ಇಲ್ಲ, ಬಣ್ಣ ಚೆನ್ನಾಗಿ ಕುಡಿಯುತ್ತದೆ. ಹೊರಗೆ ಹೋಗುತ್ತಾ ತೆಳುವಾಗುತ್ತದೆ ಬೇರೆ.

ಇದರ ಮುಂದಿನ ಹಂತವನ್ನು ನಾನು ಕಲಿತದ್ದು ಕಿನ್ನಾಳದಲ್ಲಿ. ಕೊಪ್ಪಳದಿಂದ ಹತ್ತಿರವೇ. ಅಲ್ಲಿ ಚಿತ್ರಗಾರ ಮನೆತನದವರು ಹಗುರ ಮರದಲ್ಲಿ ಗೊಂಬೆ, ದೇವರ ಮೂರ್ತಿ ಮಾಡುತ್ತಾರೆ. ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಸೆಣಬಿನ ಚೂರಿನ ಪುಡಿ, ಮರದ ಹೊಟ್ಟು, ಅದೇ ಅಂಟು ಕಲಸಿದರೆ ಕಿಟ್ಟ. ಅದನ್ನು ಮೈಗೆಲ್ಲ ಮೆತ್ತಿ, ಮೇಲೆ ಹತ್ತಿ ಅಂಟಿಸಿ, ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ ಕೊಡುತ್ತಾರೆ. ಬಣ್ಣ ಬರುವುದು ಅದಾದ ಮೇಲೆ. ಎಷ್ಟು ತುಂಡು ಜೋಡಿಸಿದ್ದಾರೆ ಅಂತ ಹುಡುಕಿದರೂ ಒಂದು ಜೋಡಣೆ ಕಾಣುವುದಿಲ್ಲ. ನನಗೆ ಬೇಕಿದ್ದದ್ದು ಇದೇ. ಅಲ್ಲಿಯ ಹಿರಿಯರೊಬ್ಬರು ನನ್ನ ಹಲಗೆ ಮೇಲೆ ಬೆರಳಾಡಿಸಿ, "ಇದ್ರ ಮ್ಯಾಲ ಅರಿವಿ ಹಾಕ್ರಿ, ಬರೇ ಕಾಗದ ಎಷ್ಟಂತ ಮುಚ್ತೀರಿ?" ಅಂದರು.

ಅಂದಿನಿಂದ ಅಂಚಿನ ಮೇಲೆ ಅರಿವೆ ಹಾಕುತ್ತೇನೆ. ಸವೆದ ಧೋತರದ ತೆಳು ಚೂರು ಸಾಕು. ಎಳೆ ಬಿಡಿಸಿ, ಅರ್ಧ ಫೋಟೊ ಮೇಲೆ, ಅರ್ಧ ಹಲಗೆ ಮೇಲೆ ಬರುವಂತೆ ಅಂಟಿಸುವುದು. ಒಣಗಿದ ಮೇಲೆ ಚಾಕ್ ಪೌಡರ್ ಮತ್ತು ಫೆವಿಕಾಲ್ ಕಲಸಿದ ತೆಳು ಲೇಪ. ನುಣ್ಣನೆಯ ಸ್ಯಾಂಡ್ ಪೇಪರಿನಿಂದ ಮೆಲ್ಲಗೆ ಉಜ್ಜಿ, ಮತ್ತೊಮ್ಮೆ ಲೇಪ. ಕಣ್ಣು ಮುಚ್ಚಿ ಬೆರಳಾಡಿಸಬೇಕು. ಬೆರಳು ಎಲ್ಲಿಯೂ ತಡೆಯದಿದ್ದರೆ ಅಲ್ಲಿಗೆ ನಿಲ್ಲಿಸಬಹುದು.

ಹುಣಸೆ ಬೀಜದ ಅಂಟನ್ನೂ ನಾನೇ ಮಾಡಿಕೊಳ್ಳುತ್ತೇನೆ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ನೀರು ಹಾಕಿ ಗಂಜಿಯ ಹದಕ್ಕೆ ಕುದಿಸಬೇಕು. ಫೆವಿಕಾಲಿಗಿಂತ ನಿಧಾನ ಒಣಗುವುದೇ ಇದರ ಗುಣ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾಗದ ಸರಿಪಡಿಸುವಷ್ಟರಲ್ಲಿ ಫೆವಿಕಾಲ್ ಹಿಡಿದುಬಿಟ್ಟಿರುತ್ತದೆ. ಹುಣಸೆ ಅಂಟಿನಲ್ಲಿ ತುಂಡನ್ನು ಅತ್ತಿತ್ತ ಸರಿಸಲು ಸಮಯ ಸಿಗುತ್ತದೆ. ಆದರೆ ಇದಕ್ಕೆ ಹುಳು, ಬೂಸ್ಟು ಬೇಗ ಬರುತ್ತದೆ. ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಹಾಕುವ ಹಾಗೆ ಚಿಟಿಕೆ ಮೈಲುತುತ್ತ ಹಾಕಬೇಕು. ಅದು ವಿಷ, ಮಕ್ಕಳ ಕೈಗೆ, ಅಡುಗೆ ಪಾತ್ರೆಗೆ ತಾಗದಂತೆ ಇಡಿ. ಇನ್ನೊಂದು, ಈ ಅಂಟು ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಹಾಗಾಗಿ ಪೂರ್ತಿ ಒಣಗಿದ ಮೇಲೆ ಅಕ್ರಿಲಿಕ್ ಮೀಡಿಯಂ (ಬಣ್ಣ ಬೆರೆಸದ ಅಕ್ರಿಲಿಕ್ ದ್ರವ) ಒಂದು ಕೋಟ್ ಕೊಟ್ಟೇ ಬಣ್ಣಕ್ಕೆ ಕೈ ಹಾಕುವುದು.

ಸುಕ್ಕು ಬರುತ್ತದೆ ಅಂತ ಸುಮಾರು ಜನ ಕೇಳುತ್ತಾರೆ. ಕಾಗದ ಒದ್ದೆಯಾದರೆ ಹಿಗ್ಗುತ್ತದೆ. ಅಂಟು ಹಚ್ಚುವ ಮೊದಲೇ ಹಿಂಬದಿಗೆ ನೀರು ಚಿಮುಕಿಸಿ ಒಂದು ನಿಮಿಷ ಬಿಡಿ, ಹಿಗ್ಗುವುದೆಲ್ಲ ಹಿಗ್ಗಲಿ. ಆಮೇಲೆ ಅಂಟಿಸಿ, ನಡುವಿನಿಂದ ಹೊರಕ್ಕೆ ಒತ್ತುತ್ತಾ ಹೋಗಿ. ಒಣಗುವಾಗ ತಾನೇ ಬಿಗಿಯುತ್ತದೆ. ಹಾರ್ಡ್‌ಬೋರ್ಡ್ ಬಳಸುವವರು ಹಿಂದಿನ ಮೈಗೂ ಒಂದು ಕಾಗದ ಅಂಟಿಸಬೇಕು. ಇಲ್ಲವಾದರೆ ಹಲಗೆ ಬಾಗುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ, ಟ್ಯೂಬಿನ ಅಕ್ರಿಲಿಕ್ ಜೊತೆ ನಾನು ಮಣ್ಣನ್ನೂ ಬಳಸುತ್ತೇನೆ. ಸಂಡೂರು ಕಡೆಯ ಕೆಮ್ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಕೆಂಪು ಗಾಢ. ಮಣ್ಣನ್ನು ಬಕೆಟ್ ನೀರಿನಲ್ಲಿ ಕಲಕಿ, ಹರಳು ತಳ ಸೇರಿದ ಮೇಲೆ ಮೇಲಿನ ಕೆನ್ನೀರನ್ನು ಬೇರೆ ಪಾತ್ರೆಗೆ ಬಸಿದು, ಅದು ಇಂಗಿದಾಗ ಉಳಿಯುವ ನುಣುಪು ಪುಡಿಯೇ ಬಣ್ಣ. ಮೀಡಿಯಂ ಜೊತೆ ಅರೆದರೆ ಆಯಿತು. ನಮ್ಮ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಆದಿಮಾನವರು ಬರೆದ ಚಿತ್ರಗಳ ಕೆಂಪೂ ಇಂಥ ಕಬ್ಬಿಣದ ಮಣ್ಣಿನದೇ. ಎರಿ ಮಣ್ಣು ಮಾತ್ರ ಹುಷಾರಿ. ಹೊಲದಲ್ಲಿ ಬೇಸಿಗೆಗೆ ಬಿರುಕು ಬಿಡುವ ಗುಣ ಹಲಗೆ ಮೇಲೂ ಬಿಡುವುದಿಲ್ಲ. ದಪ್ಪ ಹಚ್ಚಿದರೆ ಒಣಗಿ ಒಡೆಯುತ್ತದೆ, ಕೆಳಗಿನ ಕಾಗದವನ್ನೂ ಎಳೆಯುತ್ತದೆ. ತೆಳು ನೀರಿನಂತೆ, ನೆರಳಿನ ಭಾಗಕ್ಕಷ್ಟೇ ನಾನು ಹಚ್ಚುವುದು.

ಫೋಟೊದೊಳಗೂ ಬಣ್ಣ ಹೋಗಬೇಕು, ಬರೀ ಸುತ್ತ ಅಲ್ಲ. ಅಮ್ಮನ ಸೀರೆಯ ಅಂಚಿನ ಗೆರೆಗಳನ್ನು ಫೋಟೊದ ಹೊರಗೂ ಕುಂಚದಿಂದ ಮುಂದುವರಿಸಿದೆ. ಕಲ್ಲುಗೋಡೆಯ ಬೂದು ಬಣ್ಣವನ್ನು ತಂದು ಸೆರಗಿನ ನೆರಳಿಗೆ ಇಟ್ಟೆ. ಪ್ರಿಂಟಿನ ಕಪ್ಪು ಮತ್ತು ಕುಂಚದ ಕಪ್ಪು ಒಂದೇ ಆಗಿರಬೇಕು, ಇದರಲ್ಲಿ ಬಹಳ ಜನ ಎಡವುತ್ತಾರೆ. ಟ್ಯೂಬಿನ ಕಪ್ಪಿಗೆ ಕೊಂಚ ಕಂದು ಸೇರಿಸಿ, ಬೇಡದ ಪ್ರಿಂಟಿನ ಮೇಲೆ ಹಚ್ಚಿ ಹೋಲಿಸಿ ನೋಡಿಯೇ ಮುಂದುವರಿಯಿರಿ.

"ಇದು ಚಿತ್ರಾನೋ, ಕತ್ತರಿ ಕೆಲಸಾನೋ?" ಅಂತ ಕೇಳುವವರು ಸಿಗುತ್ತಾರೆ. ಯುರೋಪಿನ ದೊಡ್ಡ ಚಿತ್ರಕಾರರಾದ ಪಿಕಾಸೊ, ಬ್ರಾಕ್ ಇಬ್ಬರೂ 1912ರಲ್ಲೇ ಚಿತ್ರಕ್ಕೆ ಕಾಗದ ಅಂಟಿಸಿದ್ದರು. ಶಾಂತಿನಿಕೇತನದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ ಕಣ್ಣು ಹೋದ ಮೇಲೂ ಕಾಗದ ಕತ್ತರಿಸಿ ಕೊಲಾಜ್ ಮಾಡಿದರು. ಇಷ್ಟು ಹೇಳಿ ನಾನು ಸುಮ್ಮನಾಗುತ್ತೇನೆ.

ಕೊನೆಗೆ ಫ್ರೇಮ್. ಅಂಗಡಿಯವರು ಗಾಜು ಹಾಕಿಯೇ ಕೊಡುತ್ತೇವೆ ಅನ್ನುತ್ತಾರೆ. ಬೇಡ ಅನ್ನಿ. ನಮ್ಮ ಸೆಕೆಗೆ ಅಕ್ರಿಲಿಕ್ ಮೈ ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಅರಿವೆ ಸಮೇತ ಕಿತ್ತು ಬರುತ್ತದೆ. ಮ್ಯಾಟ್ ವಾರ್ನಿಷ್ ಎರಡು ಕೋಟ್ ಸಾಕು, ಧೂಳು ಕೂತರೆ ಒಣ ಬಟ್ಟೆಯಿಂದ ಒರೆಸಬಹುದು. ಗಾಜು ಬೇಕೇ ಬೇಕು ಅಂತ ಕೊಳ್ಳುವವರು ಹಟ ಹಿಡಿದರೆ, ಚಿತ್ರಕ್ಕೂ ಗಾಜಿಗೂ ನಡುವೆ ಅರ್ಧ ಇಂಚಿನ ಪಟ್ಟಿ ಕೊಡಿಸಿ.