ಪುಟ್ಟ ಡೆಸ್ಕ್‌ಟಾಪ್‌ಗೆ ಸದ್ದಿಲ್ಲದ ವಾಟರ್ ಕೂಲಿಂಗ್: ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ವಾಟರ್ ಕೂಲಿಂಗ್ ಅಳವಡಿಸಿದ ಕೂಡಲೇ ಕಂಪ್ಯೂಟರ್ ತಾನಾಗಿ ಮೌನವಾಗುತ್ತದೆ ಎಂದು ನಂಬಿದವರು ಅನೇಕರಿದ್ದಾರೆ. ನೀರು ಶಾಖವನ್ನು ನುಂಗುವುದಿಲ್ಲ. ಪ್ರೊಸೆಸರ್‌ನ ಇಕ್ಕಟ್ಟಾದ ಜಾಗದಿಂದ ಅದನ್ನು ಹೊತ್ತು ತಂದು ರೇಡಿಯೇಟರ್‌ನ ವಿಶಾಲ ಮೈಗೆ ಒಪ್ಪಿಸುತ್ತದೆ, ಅಷ್ಟೆ. ಅಲ್ಲಿಂದ ಮುಂದೆ ಶಾಖವನ್ನು ಹೊರಗೆ ಸಾಗಿಸುವುದು ಗಾಳಿಯೇ. 300 ವಾಟ್ ಶಾಖವನ್ನು, ಹೊರಹೋಗುವ ಗಾಳಿ ಕೋಣೆಯ ಗಾಳಿಗಿಂತ 10 ಡಿಗ್ರಿಯಷ್ಟೇ ಬಿಸಿಯಾಗಿರುವಂತೆ ಹೊರಹಾಕಬೇಕಾದರೆ, ಸೆಕೆಂಡಿಗೆ ಸುಮಾರು 25 ಲೀಟರ್ ಗಾಳಿ ಕೇಸ್ ಮೂಲಕ ಹಾದುಹೋಗಲೇಬೇಕು. ಆದ್ದರಿಂದ ಯೋಜನೆ ಆರಂಭವಾಗಬೇಕಾದದ್ದು ಅಂದದ ಕೇಸ್‌ನಿಂದಲ್ಲ, ಶಾಖದ ಲೆಕ್ಕದಿಂದ.

ಮೊದಲು ನಿಮ್ಮ ಬಿಡಿಭಾಗಗಳು ಪೂರ್ಣ ಹೊರೆಯಲ್ಲಿ ಎಷ್ಟು ವಿದ್ಯುತ್ ಎಳೆಯುತ್ತವೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಪೆಟ್ಟಿಗೆಯ ಮೇಲಿನ ಅಂಕಿಯನ್ನು ಮಾತ್ರ ನಂಬಬೇಡಿ. ಉದಾಹರಣೆಗೆ, 65 ವಾಟ್ ಎಂದು ನಮೂದಾಗಿರುವ ಎಎಮ್‌ಡಿ ರೈಜನ್ ಪ್ರೊಸೆಸರ್‌ಗೆ ಸಾಮಾನ್ಯವಾಗಿ 88 ವಾಟ್‌ವರೆಗೆ ಎಳೆಯುವ ಅವಕಾಶವಿರುತ್ತದೆ. ಬಳಿಕ ಆ ಮೊತ್ತವನ್ನು ಇಳಿಸಲು ಪ್ರಯತ್ನಿಸಿ. ಚಿಪ್ ಬಳಸುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಕೊನೆಯ ಒಂದಿಷ್ಟು ವೇಗಕ್ಕಾಗಿ ತೆರುವ ಶಾಖ ಬಹಳ ದುಬಾರಿ. ಪವರ್ ಲಿಮಿಟ್ ತಗ್ಗಿಸಿ, ಅಂಡರ್‌ವೋಲ್ಟ್ ಮಾಡಿ (ಚಿಪ್‌ಗೆ ಕೊಡುವ ವೋಲ್ಟೇಜನ್ನು ಇಳಿಸಿ) ಉಳಿಸಿದ ಪ್ರತಿಯೊಂದು ವಾಟ್, ಒಂದು ಪೈಸೆಯೂ ಖರ್ಚಿಲ್ಲದೆ ದೊರೆತ ಮೌನ. ಹೀಗೆ ಇಳಿಸಿದ ಮೇಲೆ ಪ್ರೊಸೆಸರ್ 100 ವಾಟ್‌ಗಿಂತ ಕೆಳಗೇ ನಿಂತು, ಗ್ರಾಫಿಕ್ಸ್ ಕಾರ್ಡನ್ನು ನೀರಿಗೆ ಸೇರಿಸುವ ಇರಾದೆಯೂ ಇಲ್ಲದಿದ್ದರೆ, ಒಳ್ಳೆಯ ಏರ್ ಕೂಲರ್ ಸಾಕೆಂಬುದು ನನ್ನ ಅಭಿಪ್ರಾಯ. ಏಕೆಂದರೆ ಕಂಪ್ಯೂಟರ್ ಸುಮ್ಮನಿರುವಾಗಲೂ ಪಂಪ್ ಸುಮ್ಮನಿರುವುದಿಲ್ಲ.

ಮುಂದುವರಿಯುವುದೇ ನಿಶ್ಚಯವಾದರೆ, ಪ್ರತಿ 100 ವಾಟ್‌ಗೆ 120 ಮಿ.ಮೀ. ಫ್ಯಾನ್ ಹಿಡಿಸುವಷ್ಟು ರೇಡಿಯೇಟರ್ ಎಂಬ ರೂಢಿಯ ಸೂತ್ರವನ್ನು ಕನಿಷ್ಠ ಮಿತಿಯಾಗಿ ಇಟ್ಟುಕೊಂಡು, ಮೌನ ಬೇಕಿದ್ದಷ್ಟೂ ಅದಕ್ಕಿಂತ ಮೇಲಕ್ಕೆ ಹೋಗುವುದು ಲೇಸು. ಸಣ್ಣ ಕೇಸ್‌ನಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಇಲ್ಲಿಯೇ. ಎರಡು 120 ಮಿ.ಮೀ. ಫ್ಯಾನ್ ಹಿಡಿಸುವ, 240 ಎಂದು ಕರೆಯಲಾಗುವ ರೇಡಿಯೇಟರ್‌ನ ನಿಜವಾದ ಉದ್ದ, ಎರಡೂ ತುದಿಯ ತೊಟ್ಟಿಗಳು ಸೇರಿ, ಸುಮಾರು 275 ಮಿ.ಮೀ. ಆಗುತ್ತದೆ. 30 ಮಿ.ಮೀ. ದಪ್ಪದ ರೇಡಿಯೇಟರ್‌ಗೆ 25 ಮಿ.ಮೀ. ಫ್ಯಾನ್ ಸೇರಿದರೆ 55 ಮಿ.ಮೀ.; ಅದರ ಮೇಲೆ ಫಿಟ್ಟಿಂಗ್ ಮತ್ತು ಕೊಳವೆ ಬಾಗಲು ಬೇಕಾದ ಜಾಗ ಬೇರೆ. ರಟ್ಟಿನಲ್ಲಿ ಇದೇ ಅಳತೆಯ ತುಂಡುಗಳನ್ನು ಕತ್ತರಿಸಿ ಕೇಸ್‌ನೊಳಗೆ ಇಟ್ಟು ನೋಡಿ. ಮಕ್ಕಳಾಟದಂತೆ ಕಂಡರೂ, ನಕ್ಷೆಯಲ್ಲಿ ಸರಾಗವಾಗಿ ಕೂತ ರೇಡಿಯೇಟರ್ ಪವರ್ ಸಪ್ಲೈಯ ಕೇಬಲ್‌ಗಳಿಗೆ ಢಿಕ್ಕಿ ಹೊಡೆಯುವುದನ್ನು ನನಗೆ ತೋರಿಸಿಕೊಟ್ಟದ್ದು ಈ ರಟ್ಟೇ. ಜಾಗ ಸಾಲದೆಂದು 15 ಮಿ.ಮೀ.ನ ತೆಳು ಫ್ಯಾನ್‌ಗಳಿಗೆ ಮೊರೆಹೋಗುವ ಮುನ್ನ, ಅವು ಅಷ್ಟೇ ಗಾಳಿ ನೂಕಲು ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ ಎಂಬುದನ್ನು ನೆನಪಿಡಿ. ರೇಡಿಯೇಟರ್ ತೆಳುವಾಗಲಿ, ಫ್ಯಾನ್ ದಪ್ಪವಾಗಿರಲಿ. ದಟ್ಟವಾಗಿ ಹೆಣೆದ ಫಿನ್‌ಗಳಿರುವ (ಶಾಖವನ್ನು ಗಾಳಿಗೆ ಬಿಡುವ ತೆಳು ಲೋಹದ ಪಟ್ಟಿಗಳಿರುವ) ದಪ್ಪ ರೇಡಿಯೇಟರ್ ಜೋರು ಗಾಳಿಯಲ್ಲಿ ಮಾತ್ರ ತನ್ನ ಬೆಲೆ ತೋರಿಸುತ್ತದೆ, ಮೆಲುಗಾಳಿಗೆ ವಿರಳ ಫಿನ್‌ಗಳೇ ಸರಿ.

ಫ್ಯಾನ್‌ನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಅದೇ ಫ್ಯಾನ್‌ಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಿದರೆ ಏರುವುದು 3 ಡೆಸಿಬೆಲ್ ಮಾತ್ರ. ಹೀಗಾಗಿ ಒಂದು ಫ್ಯಾನ್ ಬಿರುಸಾಗಿ ತಿರುಗುವುದಕ್ಕಿಂತ ಎರಡು ನಿಧಾನವಾಗಿ ತಿರುಗುವುದು ಯಾವಾಗಲೂ ಲಾಭ. ರಂಧ್ರಗಳ ತಗಡಿಗೆ ಅಂಟಿಕೊಂಡಂತೆ ಫ್ಯಾನ್‌ನ ಗಾಳಿ ಸೆಳೆಯುವ ಮುಖವನ್ನು ಇಟ್ಟರೆ ಒಂದು ಬಗೆಯ ಗುಂಯ್‌ಗುಡುವಿಕೆ ಹುಟ್ಟುತ್ತದೆ. ನಡುವೆ ಕೆಲವು ಮಿಲಿಮೀಟರ್ ಅಂತರ ಕೊಟ್ಟರೂ ಸಾಕು, ಅದು ಬಹುಮಟ್ಟಿಗೆ ಅಡಗುತ್ತದೆ.

ಪಂಪ್ ವಿಷಯದಲ್ಲಿ ಜನರ ಅಂದಾಜು ತಪ್ಪುವುದು ಹೆಚ್ಚು. ನಿಮಿಷಕ್ಕೆ 4 ಲೀಟರ್ ಹರಿಯುವ ನೀರು 300 ವಾಟ್ ಶಾಖವನ್ನು ಹೊತ್ತಾಗ ಬಿಸಿಯಾಗುವುದು ಸುಮಾರು 1 ಡಿಗ್ರಿ ಮಾತ್ರ. ಹರಿವನ್ನು ಅರ್ಧಕ್ಕೆ ಇಳಿಸಿದರೂ ಈ ವ್ಯತ್ಯಾಸ 2 ಡಿಗ್ರಿ ದಾಟುವುದು ಅಲ್ಪ. ಆದ್ದರಿಂದ ಪಂಪನ್ನು ಪೂರ್ಣ ವೇಗದಲ್ಲಿ ಓಡಿಸುವುದಕ್ಕೆ ಸದ್ದಿನ ಹೊರತು ಬೇರೆ ಪ್ರತಿಫಲವಿಲ್ಲ. ಡಿ5 ಮಾದರಿಯ ಪಂಪ್ ದೊಡ್ಡದಾದರೂ ಕಡಿಮೆ ವೇಗದಲ್ಲಿ ಕಿವಿಗೆ ಬೀಳುವುದಿಲ್ಲ. ಡಿಡಿಸಿ ಮಾದರಿ ಇಕ್ಕಟ್ಟಿನಲ್ಲಿ ಸೇರುತ್ತದೆ, ಆದರೆ ಅದನ್ನು ವೇಗ ನಿಯಂತ್ರಣವಿಲ್ಲದೆ ಕೊಳ್ಳಬಾರದು. ಎರಡನ್ನೂ ತಗಡಿಗೆ ನೇರವಾಗಿ ಬಿಗಿಯದೆ, ಮೃದುವಾದ ಸಿಲಿಕೋನ್ ಅಥವಾ ರಬ್ಬರ್ ಮೇಲೆ ಕೂರಿಸಬೇಕು, ಇಲ್ಲವಾದರೆ ಕೇಸ್ ಇಡೀ ತಂಬೂರಿಯ ಬುರುಡೆಯಂತೆ ಮೊಳಗುತ್ತದೆ. ಎಲ್ಲ ಭಾಗಗಳೂ ಮೊದಲೇ ಜೋಡಣೆಯಾಗಿ ಬರುವ ಸಿದ್ಧ ಆಲ್-ಇನ್-ಒನ್ ಕೂಲರ್ ಆದರೆ, ಪಂಪ್ ಇಡೀ ವ್ಯವಸ್ಥೆಯ ಅತಿ ಎತ್ತರದ ಬಿಂದುವಾಗದಂತೆ ಜೋಡಿಸಿ. ಒಳಗಿನ ಗಾಳಿ ಮೇಲಕ್ಕೇರಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ನೀರಿನಿಂದ ದೊರೆಯುವ ನಿಜವಾದ ಅನುಕೂಲವೆಂದರೆ ಸಾವಧಾನ. ಅರ್ಧ ಲೀಟರ್ ನೀರಿಗೆ 300 ವಾಟ್ ಶಾಖ ಸುರಿದು, ಏನೂ ಹೊರಹೋಗದಿದ್ದರೂ, ಒಂದು ಡಿಗ್ರಿ ಏರಲು ಸುಮಾರು 7 ಸೆಕೆಂಡ್ ಬೇಕು. ಅರ್ಧ ನಿಮಿಷದ ಭಾರೀ ಕೆಲಸ ನೀರನ್ನು ಹೆಚ್ಚೆಂದರೆ ನಾಲ್ಕೈದು ಡಿಗ್ರಿ ಬಿಸಿ ಮಾಡುತ್ತದೆ, ಆಮೇಲೆ ಅದು ನಿಧಾನವಾಗಿ ಇಳಿಯುತ್ತದೆ. ಆದರೆ ಮದರ್‌ಬೋರ್ಡ್ ಸಾಮಾನ್ಯವಾಗಿ ಫ್ಯಾನ್‌ಗಳನ್ನು ನಿಯಂತ್ರಿಸುವುದು ಪ್ರೊಸೆಸರ್‌ನ ತಾಪಮಾನವನ್ನು ನೋಡಿ, ಮತ್ತು ಅದು ಬ್ರೌಸರ್ ತೆರೆದರೂ ಕ್ಷಣಮಾತ್ರದಲ್ಲಿ 20 ಡಿಗ್ರಿ ಜಿಗಿಯಬಲ್ಲದು. ಫ್ಯಾನ್‌ಗಳು ಆಗಾಗ ಬುಸುಗುಟ್ಟಿ ತಣ್ಣಗಾಗುವುದು ಈ ಕಾರಣದಿಂದ. ಕಿವಿಗೆ ಸಮನಾದ ಸದ್ದಿಗಿಂತ ಏರಿಳಿಯುವ ಸದ್ದೇ ಹೆಚ್ಚು ಚುಚ್ಚುತ್ತದೆ. ಆದ್ದರಿಂದ ನೀರಿನ ತಾಪಮಾನ ಅಳೆಯುವ ಸೆನ್ಸರ್ ಒಂದನ್ನು ಯೋಜನೆಯಲ್ಲಿ ಸೇರಿಸಿ, ಅದನ್ನು ಓದಬಲ್ಲ ಮದರ್‌ಬೋರ್ಡ್ ಅಥವಾ ಕಂಟ್ರೋಲರ್ ಆರಿಸಿ. ಕೋಣೆಗಿಂತ ನೀರು 5 ಡಿಗ್ರಿ ಬಿಸಿಯಾಗುವವರೆಗೆ ಫ್ಯಾನ್ ಕನಿಷ್ಠ ವೇಗದಲ್ಲಿರಲಿ, 15 ಡಿಗ್ರಿ ವ್ಯತ್ಯಾಸದ ಹೊತ್ತಿಗೆ ನೀವು ಸಹಿಸಬಲ್ಲ ಗರಿಷ್ಠ ವೇಗ ಮುಟ್ಟಲಿ. ಈ ಒಂದು ಸಲಹೆಯನ್ನು ಪಾಲಿಸಿ ಉಳಿದುದನ್ನು ಮರೆತರೂ ನಷ್ಟ ಹೆಚ್ಚಿಲ್ಲ.

ತಾಮ್ರದ ಬ್ಲಾಕ್ (ಚಿಪ್ ಮೇಲೆ ಕೂತು ಶಾಖವನ್ನು ನೀರಿಗೆ ದಾಟಿಸುವ ಭಾಗ) ಇರುವ ವ್ಯವಸ್ಥೆಗೆ ಅಲ್ಯುಮಿನಿಯಂ ರೇಡಿಯೇಟರ್ ಸೇರಿಸಬಾರದು. ಎರಡೂ ಲೋಹಗಳು ಒಂದೇ ದ್ರವದಲ್ಲಿದ್ದರೆ ಅಲ್ಯುಮಿನಿಯಂ ಕ್ರಮೇಣ ಸವೆಯುತ್ತದೆ. ಪುಟ್ಟ ಕೇಸ್‌ಗೆ ಇಪಿಡಿಎಮ್ ರಬ್ಬರ್ ಕೊಳವೆಯೇ ಉತ್ತಮ. ಮೃದು ಪಿವಿಸಿ ಕೊಳವೆಯಿಂದ ಕಾಲಕ್ರಮೇಣ ಅದನ್ನು ಮೃದುವಾಗಿಡುವ ರಾಸಾಯನಿಕವಾದ ಪ್ಲಾಸ್ಟಿಸೈಜರ್ ಬಿಡುಗಡೆಯಾಗಿ ಬ್ಲಾಕ್‌ನ ಸೂಕ್ಷ್ಮ ಕಾಲುವೆಗಳನ್ನು ಕಟ್ಟಬಹುದು. ಪ್ರೊಸೆಸರ್ ಮೇಲಿನ ಏರ್ ಕೂಲರ್ ತೆಗೆದಾಗ ಅದರ ಸುತ್ತಲಿನ ವಿಆರ್‌ಎಮ್ (ಪ್ರೊಸೆಸರ್‌ಗೆ ಹೋಗುವ ವೋಲ್ಟೇಜನ್ನು ಹದಗೊಳಿಸುವ ಭಾಗ) ಮತ್ತು ಎಸ್‌ಎಸ್‌ಡಿಗೆ ಬೀಸುತ್ತಿದ್ದ ಗಾಳಿಯೂ ನಿಲ್ಲುತ್ತದೆ, ಅವುಗಳತ್ತ ಒಂದಿಷ್ಟು ಗಾಳಿ ಸುಳಿಯುವ ಹಾದಿಯನ್ನು ಈಗಲೇ ಗುರುತಿಸಿಡಿ. ನೀರನ್ನು ಖಾಲಿ ಮಾಡುವ ಕವಾಟವನ್ನು ಅತಿ ತಗ್ಗಿನಲ್ಲಿ ಇಡುವುದನ್ನು ಮರೆತವರು ಮೊದಲ ಸಲ ಶುಚಿಗೊಳಿಸುವ ದಿನ ಪರಿತಪಿಸುತ್ತಾರೆ.

ತುಂಬಿಸುವಾಗ ಪಂಪ್‌ಗೆ ಮಾತ್ರ ವಿದ್ಯುತ್ ಕೊಟ್ಟು, ಉಳಿದ ಎಲ್ಲ ಬಿಡಿಭಾಗಗಳ ಸಂಪರ್ಕ ತಪ್ಪಿಸಿ, ಪ್ರತಿ ಕೀಲಿನ ಕೆಳಗೆ ಕಾಗದ ಹಾಸಿ ಕೆಲವು ಗಂಟೆ ಬಿಡಿ. ಪಂಪ್ ಎಂದೂ ಒಣಗಿದ ಸ್ಥಿತಿಯಲ್ಲಿ ಓಡಬಾರದು. ಕೇಸ್ ಅನ್ನು ಅತ್ತಿತ್ತ ವಾಲಿಸಿದರೆ ರೇಡಿಯೇಟರ್‌ನ ಮೂಲೆಗಳಲ್ಲಿ ಅಡಗಿದ ಗಾಳಿ ಹೊರಬರುತ್ತದೆ. ಆದರೂ ಮೊದಲ ಕೆಲವು ದಿನ ಗುಳುಗುಳು ಸದ್ದು ಕೇಳಿಸುವುದು ಸಹಜ, ಗುಳ್ಳೆಗಳು ನೀರು ತುಂಬಿಸುವ ತೊಟ್ಟಿಗೆ (ರಿಸರ್ವಾಯರ್) ಸೇರಿದಂತೆ ಅದು ನಿಲ್ಲುತ್ತದೆ. ಅದರ ಬಳಿಕವೂ ಗೇಮ್ ಆಡುವಾಗ ಸಣ್ಣ ಚೀರಲು ದನಿ ಕೇಳುತ್ತಿದ್ದರೆ ಅದು ಬಹುಶಃ ಗ್ರಾಫಿಕ್ಸ್ ಕಾರ್ಡ್‌ನ ಕಾಯಿಲ್‌ಗಳದ್ದು (ತಂತಿ ಸುರುಳಿಗಳದ್ದು). ಈವರೆಗೆ ಫ್ಯಾನ್‌ಗಳ ಸದ್ದಿನ ಮರೆಯಲ್ಲಿದ್ದ ಅದಕ್ಕೆ ನೀರಿನಲ್ಲಿ ಮದ್ದಿಲ್ಲ, ಫ್ರೇಮ್ ರೇಟ್‌ಗೆ ಮಿತಿ ಹಾಕಿ ನೋಡಿ.