ಲಾಗೋಸ್‌ಗೆ ಹೊಸದಾಗಿ ಬಂದಿದ್ದೀರಾ? ಅಲೌಸಾ ಕಡೆ ಒಂದು ಕಣ್ಣಿರಲಿ

ಕೆಲಸದ ಮೇಲೆ ಲಾಗೋಸ್‌ಗೆ ಬಂದಿಳಿದ ನಮ್ಮವರು ಟಿವಿ ಹಾಕಿದರೆ ನೈಜೀರಿಯಾದ ರಾಜಧಾನಿ ಅಬುಜಾದ ಸುದ್ದಿಯನ್ನೇ ನೋಡುತ್ತಾರೆ. ಆದರೆ ಸಂಬಳದಲ್ಲಿ ಮುರಿದುಕೊಳ್ಳುವ ತೆರಿಗೆ ಹೋಗುವುದು ಲಾಗೋಸ್ ರಾಜ್ಯದ ಖಜಾನೆಗೆ. ಮನೆ ಬಾಡಿಗೆ ಕಾನೂನು, ರಸ್ತೆಯಲ್ಲಿ ಕಟ್ಟುವ ದಂಡ, ಇವೆಲ್ಲ ಇಕೆಜಾದ ಅಲೌಸಾದಲ್ಲಿರುವ ರಾಜ್ಯ ಶಾಸನಸಭೆಯ ಕೈಯಲ್ಲಿವೆ. ಆ ಸಭೆ ಅರ್ಥವಾಗಬೇಕಾದರೆ ಸ್ಪೀಕರ್ ಮುದಶಿರು ಒಬಾಸಾ ಅವರ ಕಥೆ ಗೊತ್ತಿದ್ದರೆ ಸಾಕು. ಆಫೀಸಿನಲ್ಲಿ ಊಟದ ಹೊತ್ತಿಗೆ ಆ ಹೆಸರು ಹೇಗೂ ಕಿವಿಗೆ ಬೀಳುತ್ತದೆ.

1972ರಲ್ಲಿ ಹುಟ್ಟಿದ ಅವರ ನೆಲೆ ಲಾಗೋಸ್‌ನ ಅಗೆಗೆ ಎಂಬ ಪ್ರದೇಶ. ಟ್ರಾಫಿಕ್ ನಿಂತಾಗ ಕಾರಿನ ಕಿಟಕಿಗೆ ಬಂದು ಮಾರುತ್ತಾರಲ್ಲ, ಒತ್ತಿದರೆ ತಗ್ಗುವ ಮೆತ್ತನೆಯ ಬಿಳಿ ಬ್ರೆಡ್ಡು, ಅದರ ಹೆಸರಿನಲ್ಲಿರುವುದೂ ಇದೇ ಅಗೆಗೆ. ಮಿಲಿಟರಿ ಆಡಳಿತ ಮುಗಿದ 1999ರಲ್ಲಿ ಅಲ್ಲಿಯ ಕೌನ್ಸಿಲರ್ ಆದರು. ಲಾಗೋಸ್ ಸ್ಟೇಟ್ ಯೂನಿವರ್ಸಿಟಿಯಿಂದ ಕಾನೂನು ಪದವಿ ಸಿಕ್ಕಿದ್ದು 2006ರಲ್ಲಿ. ಮರುವರ್ಷವೇ ಅಗೆಗೆ ಒಂದನೇ ಕ್ಷೇತ್ರದಿಂದ ಶಾಸಕ. ಹಾಗಾಗಿ ವಕೀಲಿಕೆಯಿಂದ ರಾಜಕೀಯಕ್ಕೆ ಬಂದವರು ಅನ್ನುವುದಕ್ಕಿಂತ ವಾರ್ಡ್ ರಾಜಕೀಯದ ನಡುವೆಯೇ ಕರಿಕೋಟು ಸಂಪಾದಿಸಿದವರು ಅನ್ನುವುದು ಸರಿ. ನಮ್ಮ ಬೆಂಗಳೂರಿನ ಕಾರ್ಪೊರೇಟರುಗಳನ್ನು ಕಂಡವರಿಗೆ ಈ ದಾರಿ ಹೊಸದೇನಲ್ಲ. 2015ರಲ್ಲಿ ಸ್ಪೀಕರ್ ಆದರು. 2019, 2023ರಲ್ಲೂ ಅದೇ ಕುರ್ಚಿ.

ಇಲ್ಲಿಯ ಸ್ಪೀಕರನ್ನು ವಿಧಾನಸೌಧದ ಸ್ಪೀಕರಿಗೆ ಹೋಲಿಸಿಕೊಂಡು ಹಗುರಾಗಿ ತಗೋಬೇಡಿ. ಇಲ್ಲಿ ರಾಜ್ಯ ಸರ್ಕಾರ ನಡೆಸುವ ಗವರ್ನರ್ ನೇರವಾಗಿ ಜನರಿಂದ ಆರಿಸಿ ಬರುತ್ತಾರೆ, ಶಾಸನಸಭೆಯ ಸದಸ್ಯರಲ್ಲ. ಅವರ ಮಂತ್ರಿಗಳು, ಅಂದರೆ ಕಮಿಷನರುಗಳು, ಸಭೆ ಒಪ್ಪಿದರೆ ಮಾತ್ರ ಕುರ್ಚಿ ಹತ್ತಬೇಕು. ಈ ಒಪ್ಪಿಗೆ ಬರೀ ಶಾಸ್ತ್ರಕ್ಕೆ ಅಂದುಕೊಳ್ಳಬೇಡಿ: 2023ರ ಆಗಸ್ಟ್‌ನಲ್ಲಿ ಗವರ್ನರ್ ಸಾನ್ವೊ-ಒಲು ಕಳಿಸಿದ 39 ಹೆಸರುಗಳಲ್ಲಿ 17ನ್ನು ಸಭೆ ತಳ್ಳಿಹಾಕಿತು, ಅದೂ ಗವರ್ನರ್, ಒಬಾಸಾ ಇಬ್ಬರದೂ ಒಂದೇ ಪಕ್ಷ! ಸದಸ್ಯರು ಬರೀ 40, 20 ಲೋಕಲ್ ಗವರ್ನಮೆಂಟಿಗೆ ತಲಾ ಇಬ್ಬರು. ಮೇಲ್ಮನೆ ಇಲ್ಲ.

2025ರ ಜನವರಿ 13ರಂದು, ಒಬಾಸಾ ದೇಶದಲ್ಲಿಲ್ಲದ ಹೊತ್ತು ನೋಡಿ, ಸದಸ್ಯರು ಅವರನ್ನೇ ಇಳಿಸಿದರು. ದುರ್ನಡತೆಯ ಆರೋಪ ಹೊರಿಸಿದರು; ಅವರು ಅಲ್ಲಗಳೆದರು. ಡೆಪ್ಯುಟಿ ಆಗಿದ್ದ ಮೊಜಿಸೋಲಾ ಮೆರಾಂಡಾ ಸ್ಪೀಕರ್ ಆದರು. ಅವರದು ಅಪಾಪಾ ಒಂದನೇ ಕ್ಷೇತ್ರ (ಬಂದರು ಇರುವ ಜಾಗ; ಕಂಟೇನರ್ ಬಿಡಿಸಲು ಅಲೆದವರಿಗೆ ಹೇಳಬೇಕಿಲ್ಲ). ಲಾಗೋಸ್‌ನ ಮೊದಲ ಮಹಿಳಾ ಸ್ಪೀಕರ್ ಆದ ಅವರು ಮಾರ್ಚ್ 3ಕ್ಕೆ ರಾಜೀನಾಮೆ ಕೊಟ್ಟರು, ಅದೇ ದಿನ ಒಬಾಸಾ ವಾಪಸ್. ಇಳಿಸಿದ ರೀತಿ ಕಾನೂನಿಗೆ ಸರಿಯಲ್ಲ ಎಂದು ಒಬಾಸಾ ಆಗಲೇ ಕೋರ್ಟ್ ಹತ್ತಿದ್ದರು. ವಕೀಲನ ಬುದ್ಧಿ ಕೆಲಸ ಮಾಡಿದ್ದು ಅಲ್ಲಿ ಅನ್ನುವವರಿದ್ದಾರೆ. ಪಕ್ಷದ ಹಿರಿಯರು ಕೂತು ಬಗೆಹರಿಸಿದ್ದು ಎಂಬುದು ನನ್ನ ಲೆಕ್ಕ.

ಇದನ್ನೆಲ್ಲ ಕೇಳಿಸಿಕೊಳ್ಳಿ, ಬಾಯಿ ಹಾಕಬೇಡಿ. ಎದುರಿಗಿರುವವರು ಯಾರ ಕಡೆಯವರೋ ಗೊತ್ತಾಗುವುದಿಲ್ಲ. ಶಾಸಕರು ಎದುರಾದರೆ 'ಆನರಬಲ್', ವಕೀಲರಾದರೆ 'ಬ್ಯಾರಿಸ್ಟರ್' ಅನ್ನಿ. ಬರೀ ಹೆಸರು ಹಿಡಿದು ಕರೆದರೆ ಮುಖ ಗಂಟಿಕ್ಕುತ್ತಾರೆ. ಅಲೌಸಾದಲ್ಲಿ ಗದ್ದಲ ಎದ್ದ ದಿನ ಸೆಕ್ರೆಟೇರಿಯಟ್ ಕಡೆಯ ಕೆಲಸ ಮುಂದೂಡಿ.

ಇನ್ನು ಮನೆ ವಿಷಯ. ಇದೇ ಸಭೆ ಮಾಡಿದ 2011ರ ಬಾಡಿಗೆ ಕಾನೂನಿನ ಪ್ರಕಾರ ಹೊಸ ಬಾಡಿಗೆದಾರರಿಂದ ಒಂದು ವರ್ಷಕ್ಕಿಂತ ಹೆಚ್ಚಿನ ಬಾಡಿಗೆ ಮುಂಗಡ ಕೇಳುವಂತಿಲ್ಲ. ಆದರೆ ಅಪಾಪಾ, ಇಕೆಜಾ ಜಿಆರ್‌ಎ (ಸರ್ಕಾರಿ ಮೀಸಲು ಬಡಾವಣೆ), ಇಕೋಯಿ, ವಿಕ್ಟೋರಿಯಾ ಐಲೆಂಡ್‌ಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ನಮ್ಮವರು ಹೆಚ್ಚಾಗಿ ಮನೆ ಹುಡುಕುವುದು ಅಲ್ಲೇ! ಏಜೆಂಟ್ ಫೀ, ಅಗ್ರಿಮೆಂಟ್ ಫೀ ಬೇರೆ. ದುಡ್ಡು ಕಟ್ಟುವ ಮುಂಚೆ ಕಾಗದಪತ್ರವನ್ನು ಮಾಲೀಕರ ವಕೀಲರಲ್ಲ, ನಿಮ್ಮದೇ ಬ್ಯಾರಿಸ್ಟರಿಗೆ ತೋರಿಸಿ, ಈಚೆಗೆ ಕಾನೂನು ಏನಾದರೂ ಬದಲಾಗಿದೆಯಾ ಅಂತಲೂ ಕೇಳಿ.