ಆಟೋಪೈಲಟ್ ಬೆಲ್ಟ್ ಹಲ್ಲು ಹಾರುತ್ತಿದ್ದುದು ನಿಂತದ್ದು ಹೀಗೆ

ಹಾಯಿದೋಣಿಯ ಚುಕ್ಕಾಣಿ ಚಕ್ರವನ್ನು ಪೈಪೈಲಟ್‌ (ದೋಣಿಯನ್ನು ತಾನೇ ದಿಕ್ಕಿನಲ್ಲಿಡುವ ಆಟೋಪೈಲಟ್ ತಂತ್ರಾಂಶ) ಹೇಳಿದಂತೆ ತಿರುಗಿಸಲು ಕಾರಿನ 12 ವೋಲ್ಟ್ ವೈಪರ್ ಮೋಟರ್, ಹಲ್ಲಿನ ಬೆಲ್ಟ್. ನೀರು ಶಾಂತವಾಗಿದ್ದರೆ ತೊಂದರೆ ಇಲ್ಲ. ಹಿಂದಿನಿಂದ ಓರೆಯಾಗಿ ಅಲೆ ಬಡಿದಾಗ ಮೋಟರ್ ತಿರುಗುತ್ತದೆ, ಚಕ್ರ ಜಗ್ಗುವುದಿಲ್ಲ. ಬೆಲ್ಟ್ ಪುಲ್ಲಿಯ ಹಲ್ಲು ದಾಟಿ ಜಾರುವ ಟಕಟಕ ಸದ್ದು, ಸಣ್ಣ ಪುಲ್ಲಿಯ ಕೆಳಗೆ ಕಪ್ಪು ರಬ್ಬರ್ ಪುಡಿ.

ಬೆಲ್ಟ್ ಬಿಗಿ ಮಾಡಿದರೆ ಮೋಟರ್ ಬಿಸಿಯಾಯಿತು. ಗೇನ್ (ದಿಕ್ಕು ತಪ್ಪಿದಾಗ ಪೈಲಟ್ ಎಷ್ಟು ಜೋರಾಗಿ ತಿದ್ದಬೇಕೆಂಬ ಸೆಟ್ಟಿಂಗ್) ಏರಿಸಿದರೆ ಹಲ್ಲು ಇನ್ನೂ ಬೇಗ ಹಾರಿತು. ಒಂದು ಬದಿಗೆ ಬೆಲ್ಟನ್ನು ಬಿಗಿಯಾಗಿಡುವ ಸ್ಪ್ರಿಂಗ್ ಟೆನ್ಷನರ್ ಹಾಕಿದರೆ ಎಡಕ್ಕೆ ಸರಿ, ಬಲಕ್ಕೆ ಇಲ್ಲ: ದಿಕ್ಕು ಬದಲಾದೊಡನೆ ಆ ಬದಿಯೇ ಬಿಗಿಯಾಗಿ ಸ್ಪ್ರಿಂಗನ್ನು ತಳ್ಳಿಬಿಡುತ್ತದೆ.

ಕಾರಣ ಲೆಕ್ಕದಲ್ಲೇ ಇದೆ. ಚಕ್ರದ ಮೇಲೆ ಬೆಲ್ಟ್ ಕೂರುವ ರಿಂಗಿನ ವ್ಯಾಸ 300 ಮಿಮೀ, ಮೋಟರ್ ಪುಲ್ಲಿ 5 ಮಿಮೀ ಪಿಚ್‌ನ (ಹಲ್ಲಿನಿಂದ ಹಲ್ಲಿಗೆ ದೂರ) 18 ಹಲ್ಲು, ನಡುವಿನ ದೂರ 250 ಮಿಮೀ. ಬೆಲ್ಟ್ ಸಣ್ಣ ಪುಲ್ಲಿಯನ್ನು ಅಪ್ಪುವುದು ಸುಮಾರು 114 ಡಿಗ್ರಿ. ಆರು ಹಲ್ಲೂ ಪೂರ್ತಿ ಸಿಗುವುದಿಲ್ಲ.

ಸಣ್ಣ ಪುಲ್ಲಿಯ ಎರಡೂ ಬದಿ, ಬೆಲ್ಟಿನ ಹೊರಮೈಗೆ ಒಂದೊಂದು ಐಡ್ಲರ್ (ಬೆಲ್ಟನ್ನು ಒತ್ತಿ ಹಿಡಿಯುವ, ತಾನಾಗಿ ತಿರುಗುವ ರೋಲರ್) ಕೂರಿಸಿ. ಒಂದೊಂದಕ್ಕೂ ಜೋಡಿ 6202 ಸೀಲ್ಡ್ ಬೇರಿಂಗ್: ಹೊರವ್ಯಾಸ 35, ಒಟ್ಟು ಅಗಲ 22 ಮಿಮೀ, 15 ಮಿಮೀ ಬೆಲ್ಟಿಗೆ ಧಾರಾಳ. ಪುಲ್ಲಿಗಿಂತ ಸಣ್ಣ ಐಡ್ಲರ್ ಹಾಕಿದರೆ ಬೆಲ್ಟ್ ಹಿಮ್ಮಡಿಕೆಯಲ್ಲಿ ಬೇಗ ಬಿರಿಯುತ್ತದೆ. ಅಪ್ಪುಗೆ 200 ಡಿಗ್ರಿ, ಅಂದರೆ 10 ಹಲ್ಲು ಆಗುವವರೆಗೆ ಒಳಕ್ಕೆ ಒತ್ತಿ ಬೋಲ್ಟ್ ಬಿಗಿಯಿರಿ. ಸ್ಪ್ರಿಂಗ್ ಬೇಡವೇ ಬೇಡ. ಬೆಲ್ಟಿನ ಉದ್ದ ಅಳೆಯುವುದು ಇದಾದ ಮೇಲೆ. ಗೇನನ್ನು ಹಳೆಯ ಮಟ್ಟಕ್ಕೆ ಇಳಿಸಿ.

ಮೋಟರ್, ಐಡ್ಲರ್ ಎಲ್ಲ ಒಂದೇ ತಿರುಗುವ ಪ್ಲೇಟಿನ ಮೇಲಿರಲಿ, ಲಿವರ್ ಎಳೆದರೆ ಬೆಲ್ಟ್ ಸಡಿಲವಾಗಬೇಕು. ವೈಪರ್ ಮೋಟರಿನ ವರ್ಮ್ ಗೇರ್ ಹಿಮ್ಮುಖವಾಗಿ ತಿರುಗದು, ಬೆಲ್ಟ್ ಬಿಗಿಯಾಗಿದ್ದರೆ ತುರ್ತಿನಲ್ಲಿ ಚಕ್ರ ಕೈಗೆ ಸಿಗುವುದಿಲ್ಲ.